ವಾರ್ಡಿನಲ್ಲಿ ಯಾರ ಮಾತು ನಡೆಯಬೇಕು?

ಪುರಾವೆ ಆಧಾರಿತ ಚಿಕಿತ್ಸೆ ಈಗ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಕೋರ್ಸುಗಳ ಪಠ್ಯದಲ್ಲಿದೆ. ವಿದ್ಯಾರ್ಥಿಗಳು ಅದನ್ನು ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ರೋಗಿಯ ಮಂಚದ ಪಕ್ಕ ನಿಂತಾಗ ನಡೆಯುವುದು ಕ್ಲಿನಿಕಲ್ ಬೋಧಕರ ಮಾತು. ‘ಅದೆಲ್ಲ ಪುಸ್ತಕಕ್ಕೆ ಸರಿ, ನಮ್ಮಲ್ಲಿ ಹೀಗೇ ಮಾಡೋದು’ ಎಂದು ಅವರು ಒಮ್ಮೆ ಹೇಳಿದರೆ ವರ್ಷವಿಡೀ ಕಲಿತ ಪಾಠ ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆ ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ. ಲಾಗ್‌ಬುಕ್‌ಗೆ ಸಹಿ ಹಾಕುವವರು, ಇಂಟರ್ನಲ್ ಅಂಕ ಕೊಡುವವರು ಅದೇ ಬೋಧಕರು. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ವೈದ್ಯ ಅಥವಾ ದಾದಿ ಹೇಗಿರುತ್ತಾರೆ ಎಂಬುದಕ್ಕೆ ವಿದ್ಯಾರ್ಥಿಯ ಕಣ್ಣೆದುರಿಗಿರುವ ಮಾದರಿಯೂ ಅವರೇ.

ಹೆರಿಗೆ ಕೋಣೆಯನ್ನೇ ನೋಡಿ. ಚೊಚ್ಚಲ ಹೆರಿಗೆ ಎಂದರೆ ಯೋನಿದ್ವಾರದ ಬಳಿ ಕತ್ತರಿಯಿಂದ ಕೊಯ್ದು ದಾರಿ ಅಗಲ ಮಾಡುವುದು ದಶಕಗಳ ಕಾಲ ವಾಡಿಕೆಯಾಗಿತ್ತು. ತಾನಾಗಿ ಹರಿಯುವ ಗಾಯಕ್ಕಿಂತ ನೇರ ಕೊಯ್ತ ಚೆನ್ನಾಗಿ ಮಾಯುತ್ತದೆ, ದೊಡ್ಡದಾಗಿ ಹರಿಯುವುದು ತಪ್ಪುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಅರ್ಜೆಂಟೀನಾದಲ್ಲಿ 2,606 ಮಹಿಳೆಯರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಒರೆಗೆ ಹಚ್ಚಿತು. ಅಗತ್ಯವಿದ್ದಾಗ ಮಾತ್ರ ಕೊಯ್ದವರಲ್ಲಿ ತೀವ್ರವಾಗಿ ಹರಿಯುವುದು ಹೆಚ್ಚಾಗಲಿಲ್ಲ. ಸಹಜ ಹೆರಿಗೆಯಲ್ಲಿ ಎಲ್ಲರಿಗೂ ಕೊಯ್ಯುವ ಪದ್ಧತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಇದನ್ನು ಓದಿಕೊಂಡು ಬಂದ ವಿದ್ಯಾರ್ಥಿನಿಯ ಕೈಗೆ ಬೋಧಕರು ಏನೂ ವಿವರಿಸದೆ ಕತ್ತರಿ ಕೊಟ್ಟರೆ ಆಕೆ ಕೊಯ್ಯುತ್ತಾಳೆ. ಹೊಲಿಗೆಯ ನೋವು ತಿನ್ನುವುದು ಬಾಣಂತಿ. ಆ ವಿದ್ಯಾರ್ಥಿನಿ ನಾಳೆ ತಾನೇ ಬೋಧಕಿಯಾದಾಗ ಅದನ್ನೇ ಕಲಿಸುತ್ತಾಳೆ.

ಅನುಭವಕ್ಕೆ ಬೆಲೆಯೇ ಇಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಖಂಡಿತ ಇದೆ. ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಪುರಾವೆ ಆಧಾರಿತ ಚಿಕಿತ್ಸೆಯನ್ನು ವಿವರಿಸಿದಾಗಲೇ ಸಂಶೋಧನೆಯ ಜೊತೆ ವೈದ್ಯರ ಅನುಭವವೂ ಸೇರಬೇಕೆಂದಿದ್ದರು. ಆದರೆ ಅನುಭವಕ್ಕೆ ಒಂದು ಮಿತಿಯಿದೆ: ಅಪರೂಪದ ಹಾನಿ ಒಬ್ಬರ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಮಕ್ಕಳ ತಜ್ಞ ಬೆಂಜಮಿನ್ ಸ್ಪಾಕ್ ಶಿಶುಗಳನ್ನು ಬೋರಲು ಮಲಗಿಸಿ ಎಂದು ತಮ್ಮ ಜನಪ್ರಿಯ ಪುಸ್ತಕದಲ್ಲಿ ಸಲಹೆ ಕೊಟ್ಟಿದ್ದರು. ಅವರ ಉದ್ದೇಶದಲ್ಲಿ ದೋಷವಿರಲಿಲ್ಲ. ಹಾಗೆ ಮಲಗಿಸಿದ ಮಕ್ಕಳಲ್ಲಿ ಹಠಾತ್ ಸಾವು ಹೆಚ್ಚು ಎಂಬುದು ಸಾವಿರಾರು ಪ್ರಕರಣಗಳನ್ನು ಒಟ್ಟಿಗೆ ನೋಡಿದಾಗಲೇ ಗೊತ್ತಾಯಿತು. 1990ರ ದಶಕದಲ್ಲಿ ಸಲಹೆ ಬದಲಾದ ಮೇಲೆ ಸಾವುಗಳೂ ಇಳಿದವು.

ವಿದೇಶದ ಸಂಶೋಧನೆ ನಮ್ಮ ತುಂಬಿ ತುಳುಕುವ ವಾರ್ಡುಗಳಿಗೆ ಹೊಂದುವುದಿಲ್ಲ ಎನ್ನುವುದು ಇನ್ನೊಂದು ಮಾತು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿದರು. ಲೆಕ್ಕವನ್ನೂ ಇಟ್ಟರು. ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ತುಂಬಿ ತುಳುಕುವ ಜಾಗದಲ್ಲೇ ಹುಟ್ಟಿದ ಆ ಪುರಾವೆ ಇಂದು ಓಆರ್‌ಎಸ್ ಪೊಟ್ಟಣವಾಗಿ ಜಗತ್ತಿನಾದ್ಯಂತ ಇದೆ.

ವಿದ್ಯಾರ್ಥಿ ರೋಗಿಯ ಎದುರೇ ಬೋಧಕರೊಡನೆ ವಾದಕ್ಕಿಳಿಯಲಿ ಎಂದು ಯಾರೂ ಹೇಳುತ್ತಿಲ್ಲ, ಅದು ಅಪಾಯ ಕೂಡ. ಆದ್ದರಿಂದ ಹೊಣೆ ಬೋಧಕರ ಮೇಲೆಯೇ ಬೀಳುತ್ತದೆ. ರೌಂಡ್ಸ್ ಮುಗಿದ ಮೇಲೆ ‘ಇದನ್ನು ಯಾಕೆ ಮಾಡಿದೆವು, ಆಧಾರ ಏನು’ ಎಂದು ಕೇಳಲು ಹತ್ತು ನಿಮಿಷ ಸಾಕು. ‘ನನಗೂ ಖಚಿತವಿಲ್ಲ, ನಾಳೆ ನೋಡಿಕೊಂಡು ಬರೋಣ’ ಎಂದರೆ ಬೋಧಕರ ಗೌರವ ಕುಂದುವುದಿಲ್ಲ. ಬೋಧಕರಿಗೆ ಈ ಹತ್ತು ನಿಮಿಷ ಸಿಗುವಂತೆ ಮಾಡುವುದು, ಹೊಸ ಮಾರ್ಗಸೂಚಿಗಳ ತರಬೇತಿ ಕೊಡುವುದು ಕಾಲೇಜುಗಳ ಕೆಲಸ. ವಿದ್ಯಾರ್ಥಿಗಳಿಗೆ ಇನ್ನೊಂದು ಪತ್ರಿಕೆ, ಇನ್ನೊಂದು ಸೆಮಿನಾರ್ ಸೇರಿಸುವ ಮೊದಲು ನಮ್ಮ ಆರೋಗ್ಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳು ವಾರ್ಡಿನಲ್ಲಿ ಕಲಿಸುವವರ ಕಡೆ ಗಮನ ಕೊಡಲಿ.