ದೂರದರ್ಶನದ ವಿಜ್ಞಾನಕಥೆಯೂ ಕೈಯಾರೆ ಮಾಡಿದ ಪುಟಗುರುತೂ

ಪುಸ್ತಕಕ್ಕೂ ದೂರದರ್ಶನಕ್ಕೂ ಹಾವು ಮುಂಗುಸಿಗಳ ವೈರವೆಂಬ ನಂಬಿಕೆಯೊಂದು ನಮ್ಮ ಅಧ್ಯಾಪಕ ವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಪೆಟ್ಟಿಗೆಯು ಮನೆಯೊಳಗೆ ಬಂದ ದಿನವೇ ಪುಸ್ತಕವು ಮನೆಯಿಂದ ಹೊರಟಿತೆಂಬ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಕೇಳಿದ್ದೇವೆ. ಈ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದು ಪೂರ್ಣಸತ್ಯವಲ್ಲ. ನೋಡಿದ್ದನ್ನು ಅಲ್ಲಿಯೇ ಬಿಟ್ಟು ಏಳುವ ಅಭ್ಯಾಸವು ಓದಿಗೆ ಶತ್ರು. ನೋಡಿದ್ದಕ್ಕೆ ಗುರುತಿಟ್ಟುಕೊಂಡು ಮತ್ತೆ ಅದರತ್ತ ಹಿಂದಿರುಗುವ ಅಭ್ಯಾಸವಿದ್ದಲ್ಲಿ ಅದೇ ನೋಟವು ಓದಿಗೆ ಹೆಬ್ಬಾಗಿಲಾಗುತ್ತದೆ. ಈ ಅಭಿಪ್ರಾಯದ ಸಮರ್ಥನೆಗಾಗಿ ಎರಡು ವಿಷಯಗಳನ್ನು ಓದುಗ ಮಹನೀಯರ ಮುಂದಿಡುತ್ತೇನೆ. ಒಂದು, ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಇಂಗ್ಲೆಂಡ್ ಅಮೆರಿಕಗಳಲ್ಲಿ ತಯಾರಾದ ವಿಜ್ಞಾನಕಥೆಯ ಧಾರಾವಾಹಿಗಳು. ಇನ್ನೊಂದು, ಮಕ್ಕಳು ಬುಕ್‌ಮಾರ್ಕ್ ಎಂದು ಕರೆಯುವ, ಕೈಯಾರೆ ಮಾಡಿದ ಪುಟಗುರುತು.

ಹಳಗನ್ನಡ ಪಾಠ ಹೇಳುವ ಪಂಡಿತನಿಗೂ ಅಂತರಿಕ್ಷ ನೌಕೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. 1980ರ ದಶಕದಲ್ಲಿ ನಮ್ಮ ದೇಶದ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಧಾರಾವಾಹಿಯು ಪ್ರಸಾರವಾಗುತ್ತಿದ್ದಾಗ ಅದನ್ನು ಕಣ್ಣರಳಿಸಿ ನೋಡಿದ ಪೀಳಿಗೆಗೆ ನಾನೂ ಸೇರಿದವನು. ಅದರ ಇಂಗ್ಲಿಷು ಆಗ ಪೂರ್ಣವಾಗಿ ಅರ್ಥವಾಗುತ್ತಿರಲಿಲ್ಲ. ಆದರೆ ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಭಾವವೆಂದು ಮುಂದೆ ಅಲಂಕಾರಶಾಸ್ತ್ರವನ್ನು ಓದುವಾಗ, ಆ ವಿಸ್ಮಯವೆಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯು 1963ನೆಯ ನವೆಂಬರ್ 23ರಂದು 'ಡಾಕ್ಟರ್ ಹೂ' ಎಂಬ ಧಾರಾವಾಹಿಯನ್ನು ಆರಂಭಿಸಿತು. ಅದರ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನರು 1938ರಲ್ಲಿ ನಮ್ಮ ಲಖನೌ ನಗರದಲ್ಲಿ ಜನಿಸಿದವರೆಂಬುದು ಇಲ್ಲಿ ಸ್ಮರಣಾರ್ಹ. ಕಾಲದೇಶಗಳನ್ನು ದಾಟಿ ಸಂಚರಿಸುವ ಒಬ್ಬ ಪಥಿಕನ ಕಥೆ ಇದು. ಅವನ ವಾಹನವು ಹೊರಗಿನಿಂದ ನೋಡಿದರೆ ಆ ದೇಶದ ಬೀದಿಗಳಲ್ಲಿ ಪೊಲೀಸರಿಗೆ ದೂರವಾಣಿ ಮಾಡಲೆಂದು ನಿಲ್ಲಿಸುತ್ತಿದ್ದ ನೀಲಿ ಬಣ್ಣದ ಪೆಟ್ಟಿಗೆ. ಒಳಹೊಕ್ಕರೆ ವಿಶಾಲವಾದ ಮಂದಿರ. ಹೊರಗೆ ಕಿರಿದು, ಒಳಗೆ ಹಿರಿದು! ಗ್ರಂಥವೆಂಬ ವಸ್ತುವೂ ಹಾಗೆಯೇ ಇರುವುದನ್ನು ಬಲ್ಲ ನಮಗೆ ಈ ಕಲ್ಪನೆಯು ಪರಕೀಯವೆನಿಸಲಾರದು.

ಇಂದಿನ ಕಣ್ಣಿಗೆ ಆ ಚಿತ್ರಗಳ ರಂಗಸಜ್ಜಿಕೆ ಬಡವಾಗಿ ತೋರುತ್ತದೆ. ಅಲುಗಾಡುವ ಗೋಡೆಗಳನ್ನು ಕಂಡು ಇಂದಿನ ಹುಡುಗರು ನಗುವುದುಂಟು. ಆದರೆ ಆ ಬಡತನವೇ ಕಲ್ಪನೆಯನ್ನು ಹರಿತಗೊಳಿಸಿತೆಂಬುದು ಗಮನಾರ್ಹ. 'ಸ್ಟಾರ್ ಟ್ರೆಕ್' ತಯಾರಿಸಿದವರಿಗೆ ಪ್ರತಿವಾರವೂ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸುವ ದೃಶ್ಯಕ್ಕೆ ತಕ್ಕ ಹಣವಿರಲಿಲ್ಲ. ಆದುದರಿಂದ ಮನುಷ್ಯರು ಒಂದೆಡೆ ಮಾಯವಾಗಿ ಇನ್ನೊಂದೆಡೆ ಪ್ರತ್ಯಕ್ಷರಾಗುವ ಉಪಾಯವನ್ನು ಹೂಡಿದರು. ಆಗ ಮಿನುಗುವ ಹೊಳಪು ಬೆಳಕಿನಲ್ಲಿ ಉದುರಿಸಿದ ಅಲ್ಯೂಮಿನಿಯಮ್ ಪುಡಿಯದು. 'ಡಾಕ್ಟರ್ ಹೂ'ವಿನ ನೀಲಿ ಪೆಟ್ಟಿಗೆ ಹೊರಡುವಾಗಿನ ಏದುಸಿರಿನಂತಹ ಸದ್ದನ್ನು ಬ್ರಯಾನ್ ಹಾಡ್ಜ್‌ಸನ್ ಎಂಬವರು ಹಳೆಯ ಪಿಯಾನೋವಿನ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಎಳೆದು ಹುಟ್ಟಿಸಿದರು. ರಾನ್ ಗ್ರೇನರ್ ರಚಿಸಿದ ಶೀರ್ಷಿಕೆಯ ಸಂಗೀತವನ್ನು ಡೀಲಿಯಾ ಡರ್ಬಿಷೈರ್ ಎಂಬ ವಿದುಷಿಯು ಒಂದೊಂದು ಸ್ವರಕ್ಕೂ ಧ್ವನಿಪಟ್ಟಿಯನ್ನು ಕತ್ತರಿಸಿ, ಅಳೆದು, ಅಂಟಿಸಿ ಸಿದ್ಧಪಡಿಸಿದರು. ಇವೆಲ್ಲವೂ ಕೈಗೆಲಸಗಳು. ನಮ್ಮ ಬಯಲಾಟದಲ್ಲಿ ಇಬ್ಬರು ಹಿಡಿದ ಒಂದು ತೆರೆಯೇ ಅರಮನೆಯಾಗಿ, ಅರಣ್ಯವಾಗಿ ಒದಗುವುದನ್ನು ಕಂಡವರಿಗೆ ಇದರ ಮರ್ಮವು ಸುಲಭವಾಗಿ ತಿಳಿದೀತು. ಉಳಿದರ್ಧವನ್ನು ಸಹೃದಯನೇ ತುಂಬಿಕೊಳ್ಳುತ್ತಾನೆ.

ಇನ್ನು ಗುರುತಿನ ಮಾತಿಗೆ ಬರೋಣ. ಆ ಕಾಲದ ಕಂತು ಒಮ್ಮೆ ಪ್ರಸಾರವಾಯಿತೆಂದರೆ ಮುಗಿಯಿತು. ಮರಳಿ ನೋಡುವ ಅನುಕೂಲವು ಮನೆಗಳಲ್ಲಿರಲಿಲ್ಲ. ವಿಡಿಯೋ ಪಟ್ಟಿಯು ದುಬಾರಿಯಾದ್ದರಿಂದ ಬಿಬಿಸಿಯವರು ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಅದೇ ಪಟ್ಟಿಯ ಮೇಲೆ ಹೊಸದನ್ನು ಮುದ್ರಿಸುತ್ತಿದ್ದರು. ಹೀಗೆ 'ಡಾಕ್ಟರ್ ಹೂ'ವಿನ ಅರುವತ್ತರ ದಶಕದ ಅನೇಕ ಕಂತುಗಳ ಚಿತ್ರಗಳು ಇಂದಿಗೂ ಲಭ್ಯವಿಲ್ಲ. ಪರದೇಶಗಳಿಗೆ ಕಳುಹಿಸಿದ್ದ ಪ್ರತಿಗಳಿಂದ ಕೆಲವು ಮರಳಿ ಬಂದವು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಕಂತುಗಳು ದೊರೆತುವೆಂದು ಪ್ರಕಟವಾಯಿತು. ಆಶ್ಚರ್ಯವೆಂದರೆ, ಕಳೆದುಹೋದ ಕಂತುಗಳೆಲ್ಲದರ ಧ್ವನಿಯು ಮಾತ್ರ ಉಳಿದಿದೆ. ಉಳಿಸಿದವರು ಸಂಸ್ಥೆಯವರಲ್ಲ, ಪ್ರೇಕ್ಷಕರು. ಮನೆಯಲ್ಲಿ ಕುಳಿತು ನೋಡುತ್ತಿದ್ದಾಗಲೇ ಕೆಲವು ಎಳೆಯರು ಟೇಪ್ ರೆಕಾರ್ಡರಿನಲ್ಲಿ ಧ್ವನಿಯನ್ನು ಹಿಡಿದಿಟ್ಟುಕೊಂಡಿದ್ದರು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ದೂರದರ್ಶನದ ಪರದೆಯನ್ನೇ ಪುನಃ ಪುನಃ ಚಿತ್ರ ತೆಗೆದಿಟ್ಟಿದ್ದರು. ಇಂದು ಆ ಕಥೆಗಳ ಸ್ವರೂಪವನ್ನು ತಿಳಿಯಲು ಇವೇ ಆಧಾರ. ಗುರುತಿಟ್ಟುಕೊಂಡವರಿಂದ ಉಳಿಯಿತು, ಸುಮ್ಮನೆ ನೋಡಿ ಎದ್ದವರಿಂದ ಉಳಿಯಲಿಲ್ಲ.

ಇದಕ್ಕಿಂತಲೂ ನಮಗೆ ಹತ್ತಿರವಾದ ಸಂಗತಿಯೊಂದಿದೆ. ಮತ್ತೆ ನೋಡಲು ಸಿಗದ ಆ ಕಥೆಗಳನ್ನು 1973ರಿಂದ ಮೊದಲ್ಗೊಂಡು ಟಾರ್ಗೆಟ್ ಎಂಬ ಮಾಲೆಯಲ್ಲಿ ಕಿರುಕಾದಂಬರಿಗಳಾಗಿ ಪ್ರಕಟಿಸಲಾಯಿತು. ಟೆರನ್ಸ್ ಡಿಕ್ಸ್ ಎಂಬ ಲೇಖಕರೊಬ್ಬರೇ ಅರುವತ್ತಕ್ಕೂ ಮಿಕ್ಕಿ ಬರೆದರು. ಆ ದೇಶದ ಒಂದು ಪೀಳಿಗೆಯ ಎಷ್ಟೋ ಮಕ್ಕಳು ಸ್ವಂತ ಇಚ್ಛೆಯಿಂದ ಓದಲು ತೊಡಗಿದ್ದು ಈ ಪುಟ್ಟ ಪುಸ್ತಕಗಳಿಂದ. ಪೆಟ್ಟಿಗೆಯು ಪುಸ್ತಕವನ್ನು ಓಡಿಸಿತೆಂಬ ನಮ್ಮ ವಾದಕ್ಕೆ ಇಲ್ಲಿ ತದ್ವಿರುದ್ಧವಾದ ಸಾಕ್ಷ್ಯವಿದೆ. ನೋಡಿದ್ದರ ಹಸಿವು ಹಿಂಗದೆ ಉಳಿದುದರಿಂದಲೇ ಕೈ ಪುಸ್ತಕದತ್ತ ಚಾಚಿತು.

ಈ ಹಸಿವನ್ನು ಪುಸ್ತಕದೊಳಗೆ ಕಾಯ್ದಿಡುವ ಅತ್ಯಲ್ಪ ಸಾಧನವೇ ಪುಟಗುರುತು. 'ಇಲ್ಲಿಗೆ ನಿಂತಿದ್ದೇನೆ, ಮತ್ತೆ ಬರುತ್ತೇನೆ' ಎಂದು ಓದುಗನು ಗ್ರಂಥಕ್ಕೆ ಕೊಡುವ ವಚನವದು. ಓಲೆಗರಿಯ ಕಟ್ಟುಗಳಲ್ಲಿ ಗರಿಗಳ ಕ್ರಮವನ್ನು ಕಾಯುತ್ತಿದ್ದುದು ರಂಧ್ರದ ಮೂಲಕ ಹಾಯಿಸಿದ ದಾರ. ಅಚ್ಚಿನ ಪುಸ್ತಕದ ಕಾಲಕ್ಕೆ ನಮ್ಮ ಮಕ್ಕಳು ನವಿಲುಗರಿಯನ್ನು ಪುಟಗಳ ನಡುವೆ ಇಟ್ಟು, ಅದು ಮರಿ ಹಾಕುವುದೆಂದು ಕಾಯುತ್ತಿದ್ದರು. ಅರಳಿಯ ಎಲೆಯನ್ನು ಎರಡು ಮೂರು ವಾರ ನೀರಿನಲ್ಲಿ ನೆನೆಯಿಟ್ಟು, ಹಸಿರು ಕೊಳೆತ ಬಳಿಕ ಮೆಲ್ಲಗೆ ತೊಳೆದು, ಜರಡಿಯಂತೆ ಉಳಿದ ನರಜಾಲವನ್ನು ಒಣಗಿಸಿ ಪುಸ್ತಕದಲ್ಲಿಡುವ ವಿದ್ಯೆಯೂ ನಮ್ಮ ಶಾಲೆಗಳಲ್ಲಿ ಪರಂಪರೆಯಿಂದ ಬಂದದ್ದು. ಇಂದು ಗ್ರಂಥಾಲಯದ ಪುಸ್ತಕಗಳಲ್ಲಿ ಕಾಣಸಿಗುವುದು ಬಸ್ಸಿನ ಚೀಟಿ, ಪೊರಕೆಯ ಕಡ್ಡಿ ಮತ್ತು ಮಡಿಸಿದ ಪುಟದ ಮೂಲೆ.

ಕೆಲವು ತಿಂಗಳ ಹಿಂದೆ ಗ್ರಂಥಾಲಯಕ್ಕೆ ಹಿಂದಿರುಗಿದ ಜೈಮಿನಿ ಭಾರತದ ಪ್ರತಿಯೊಂದರಲ್ಲಿ ದಪ್ಪ ಹಾಳೆಯ ಒಂದು ಪಟ್ಟಿಯನ್ನು ಕಂಡೆ. ಅದರ ಮೇಲೆ ಆ ನೀಲಿ ಪೆಟ್ಟಿಗೆಯನ್ನು ಬಣ್ಣದ ಪೆನ್ಸಿಲಿನಿಂದ ಬಿಡಿಸಲಾಗಿತ್ತು. ತುದಿಗೆ ಕೆಂಪು ನೂಲಿನ ಕುಚ್ಚು. ವಿಚಾರಿಸಲಾಗಿ, ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಕೈವಾಡವೆಂದು ತಿಳಿಯಿತು. ಕರೆಸಿದಾಗ ಬೈಗುಳವನ್ನು ನಿರೀಕ್ಷಿಸಿ ನಿಂತವನು, "ಗುರುಗಳೇ, ಕುದುರೆಯ ಹಿಂದೆ ದೇಶ ದೇಶ ತಿರುಗುವ ಕಥೆ ಇದು. ಇವನೂ ಹಾಗೇ ತಿರುಗುತ್ತಾನೆ, ಅದಕ್ಕೆ ಇದನ್ನು ಇಟ್ಟೆ" ಎಂದನು. ಅಶ್ವಮೇಧದ ಕುದುರೆಗೂ ಕಾಲಯಾನದ ಪೆಟ್ಟಿಗೆಗೂ ಅವನು ಹೂಡಿದ ಸಾದೃಶ್ಯವನ್ನು ಯಾವ ಮಾರ್ಗದರ್ಶಿಯೂ ಕಲಿಸಿರಲಿಲ್ಲ. ಪರೀಕ್ಷೆಗೆ ಬೇಕಾದ ಪದ್ಯಗಳನ್ನು ದಾಟಿ ಬಹುದೂರದ ಪುಟದಲ್ಲಿ ಆ ಗುರುತು ಇತ್ತೆಂಬುದೇ ನನಗೆ ಹೆಚ್ಚು ಸಂತೋಷವನ್ನು ತಂದಿತು.

ಪುಟಗುರುತನ್ನು ಮಾಡುವ ವಿಧಾನವು ಸರಳ. ಸುಮಾರು ಆರು ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ದಪ್ಪ ಚಿತ್ರದ ಹಾಳೆ, ಬಣ್ಣದ ಪೆನ್ಸಿಲು, ಒಂದು ರಂಧ್ರ, ಒಂದು ಗೇಣು ನೂಲು ಇಷ್ಟಿದ್ದರೆ ಸಾಕು. ವೃತ್ತಪತ್ರಿಕೆಯ ಚೂರು ಬೇಡ. ಅದು ಹಳದಿಯಾಗಿ ಪುಟಕ್ಕೂ ಕಲೆ ಹತ್ತಿಸುತ್ತದೆ. ಹಸಿ ಎಲೆಹೂಗಳೂ ಆರದ ಅಂಟೂ ಹಾಗೆಯೇ ಹಾನಿಕರ. ರಟ್ಟು ತೀರ ದಪ್ಪವಾದರೆ ಪುಸ್ತಕದ ಹೊಲಿಗೆ ಸಡಿಲಾದೀತು.

ಪರೀಕ್ಷೆಯ ಅಂಕಗಳೇ ಪರಮಾರ್ಥವಾಗಿರುವ ಈ ಕಾಲದಲ್ಲಿ ಇದಕ್ಕೆ ಸಮಯವೆಲ್ಲಿದೆಯೆಂದು ಪೋಷಕರು ಆಕ್ಷೇಪಿಸಬಹುದು. ಮಕ್ಕಳು ಚರದೂರವಾಣಿಯ ಮೇಲೆ ಕ್ಷಣಕ್ಕೊಂದು ದೃಶ್ಯವನ್ನು ಬೆರಳಿನಿಂದ ತಳ್ಳುತ್ತ ಕಳೆಯುವ ಗಂಟೆಗಳನ್ನು ಅವರೇ ಎಣಿಸಿ ನೋಡಲಿ. ಅಲ್ಲಿ ನಿಲ್ಲುವುದೂ ಇಲ್ಲ, ಹಿಂದಿರುಗುವುದೂ ಇಲ್ಲ. ಆದುದರಿಂದ ಗುರುತಿಗೆ ಎಡೆಯಿಲ್ಲ. ಒಂದು ಹಳೆಯ ಕಂತನ್ನು ಆದ್ಯಂತವಾಗಿ ನೋಡಿ, ಮುಂದೇನೆಂದು ವಾರವೆಲ್ಲ ಯೋಚಿಸುವ ಹುಡುಗನು ಕಾವ್ಯದ ಮುಂದಿನ ಸಂಧಿಗೂ ಕಾಯಬಲ್ಲನು. ಕಾಯಲಾರದವನಿಗೆ ಷಟ್ಪದಿಯೂ ದೀರ್ಘ, ಗದ್ಯವೂ ದೀರ್ಘ.

ಆದುದರಿಂದ ನಮ್ಮ ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಶಾಲೆಯ ದೊಡ್ಡ ಪರದೆಯಲ್ಲಿ ವಾರಕ್ಕೊಮ್ಮೆ ಇಂತಹದೊಂದು ಕಂತನ್ನು ತೋರಿಸಿ, ನಡುವೆ ಮಾತನಾಡದೆ ಮಕ್ಕಳೊಡನೆ ಕುಳಿತು ನೋಡಿರಿ. ಮರುದಿನ ಅರ್ಧ ಗಂಟೆ ಹಾಳೆ ಕತ್ತರಿಗಳನ್ನು ಅವರ ಕೈಗೆ ಕೊಡಿರಿ. ಮಾಡಿದ ಗುರುತನ್ನು ಇಡಲು ಗ್ರಂಥಾಲಯದಿಂದ ಒಂದು ಪುಸ್ತಕವನ್ನು, ಪ್ರಬಂಧವನ್ನಾಗಲಿ ಸಾರಾಂಶವನ್ನಾಗಲಿ ಕೇಳದೆ, ಕೊಡಿರಿ. ಹೊರನಾಡುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಈ ಬಗೆಯ ಕಥೆಯ ಪುಸ್ತಕಗಳನ್ನು ಕಳುಹಿಸಿಕೊಟ್ಟರೆ ಉಪಕಾರವಾದೀತು. ದಾನಿಗಳು ಗ್ರಂಥಾಲಯಕ್ಕೆ ಕಪಾಟುಗಳನ್ನು ಉದಾರವಾಗಿ ಕೊಟ್ಟಿದ್ದಾರೆ. ಅದಕ್ಕಾಗಿ ನಾವು ಕೃತಜ್ಞರು. ಆದರೆ ಹೆಸರನ್ನು ಅಚ್ಚು ಹಾಕಿಸಿದ ಹೊಳಪಿನ ಪಟ್ಟಿಗಳನ್ನು ಹಂಚುವ ಬದಲಿಗೆ ಒಂದು ರೀಮು ಬಿಳಿಯ ದಪ್ಪ ಹಾಳೆಯನ್ನೂ ಒಂದಿಷ್ಟು ನೂಲಿನ ಉಂಡೆಗಳನ್ನೂ ಕೊಡಿಸಿದರೆ, ಆ ಕಪಾಟುಗಳೊಳಗಿನ ಪುಸ್ತಕಗಳು ಹೊರಗೆ ಬಂದಾವು. ವರ್ಷಾಂತ್ಯದಲ್ಲಿ ಎಷ್ಟು ಪುಸ್ತಕಗಳಿವೆಯೆಂದು ಲೆಕ್ಕ ಕೊಡುವ ನಾವು, ಎಷ್ಟು ಪುಸ್ತಕಗಳ ನಡುವೆ ಮಕ್ಕಳ ಗುರುತುಗಳಿವೆಯೆಂಬ ಲೆಕ್ಕವನ್ನೂ ಇನ್ನು ಮುಂದೆ ಇಡುವಂತಾಗಲಿ.