ಮುಡಿ ಅಂದರೇನು ಉಮ್ಮಾ?

ಮ್ಯೂಸಿಯಂ ಎಂದರೆ ರಾಜರ ಖಡ್ಗ, ರಾಣಿಯರ ಒಡವೆ, ಹಳೆಯ ನಾಣ್ಯ ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ. ನಾವು ದಿನಾ ಉಣ್ಣುವ ಅನ್ನಕ್ಕೂ ಒಂದು ಇತಿಹಾಸವಿದೆ, ಅದನ್ನೂ ನೋಡಲು ಹೋಗಬಹುದು ಎಂದರೆ ನಗುತ್ತಾರೆ. ಸುರತ್ಕಲ್‌ನಿಂದ ಉಡುಪಿ ಬಸ್ಸು ಹತ್ತಿ, ಅಲ್ಲಿಂದ ಮಣಿಪಾಲಕ್ಕೆ ಹೋದರೆ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಸಿಗುತ್ತದೆ. ಅದು ಕೃಷಿಯ ಮ್ಯೂಸಿಯಂ ಎಂದು ಬೋರ್ಡು ಹಾಕಿಕೊಂಡ ಸ್ಥಳವಲ್ಲ. ಆದರೆ ಅಲ್ಲಿರುವ ಹಳೆಯ ಮನೆಗಳ ಒಳಗೆ ನಿಂತರೆ ನೆನಪಾಗುವುದು ಗದ್ದೆ ಮತ್ತು ಅಡುಗೆಮನೆಯೇ.

ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದ ವಿಜಯನಾಥ ಶೆಣೈ ಎಂಬವರ ಹುಚ್ಚು ಅದು. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಅವರು ತೊಲೆ ತೊಲೆಯಾಗಿ ಬಿಚ್ಚಿಸಿ ತಂದು ಮತ್ತೆ ಜೋಡಿಸಿದರು. ಕುಂದಾಪುರ ಕಡೆಯ ಹರ್ಕೂರು ಒಳಗಿನ ಮನೆ ಬಂದದ್ದು ಹೀಗೆಯೇ. ಶೆಣೈಯವರು 2017ರಲ್ಲಿ ತೀರಿಕೊಂಡರು, ಮನೆಗಳು ಉಳಿದಿವೆ.

ನಮ್ಮ ಕರಾವಳಿಯ ಇಂತಹ ದೊಡ್ಡ ಮನೆಗಳಲ್ಲಿ ಭತ್ತ ತುಂಬಲು ಪತ್ತಾಯ, ಒಣಗಿಸಲು ಅಂಗಳ, ಮುಡಿ ಇಡಲು ಅಟ್ಟ ಇರುತ್ತಿತ್ತು. ನಾನು ಇದನ್ನು ವಿವರಿಸುತ್ತಿದ್ದಾಗ ಕಿರಿಯ ಮಗಳು ಕೇಳಿದಳು: "ಮುಡಿ ಅಂದರೇನು ಉಮ್ಮಾ, ತಲೆಗೆ ಹೂ ಮುಡಿಯೋದಾ?" ತಪ್ಪು ಅವಳದಲ್ಲ. ಅವಳು ಕಂಡದ್ದು ಪ್ಲಾಸ್ಟಿಕ್ ಚೀಲದ ಅಕ್ಕಿಯನ್ನು.

ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು ಅಕ್ಕಿ. ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಬಡಿದು ಗುಂಡಗೆ ಮಾಡುತ್ತಿದ್ದರು. ಹೊಲಿಗೆ ಇಲ್ಲ, ಮೊಳೆ ಇಲ್ಲ, ಒಂದು ಕಾಳೂ ಸೋರುವುದಿಲ್ಲ. ಬಿತ್ತನೆಯ ಭತ್ತವನ್ನೂ ಹೀಗೆಯೇ ಕಟ್ಟಿ ಒಲೆಯ ಹೊಗೆ ತಾಗುವಂತೆ ಅಟ್ಟದಲ್ಲಿ ಇಡುತ್ತಿದ್ದರು. ನಮ್ಮ ಮಳೆಗಾಲದ ತೇವದಲ್ಲೂ ಬೀಜ ಹಾಳಾಗುತ್ತಿರಲಿಲ್ಲ.

ಆದರೆ ಸಹೋದರಿಯರೇ, ಒಂದು ಮಾತು ಹೇಳಲೇಬೇಕು. ಆ ಪತ್ತಾಯ ತುಂಬುತ್ತಿದ್ದುದು ಗೇಣಿಯ ಅಕ್ಕಿಯಿಂದ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗೂ ಬೆನ್ನು ಬಗ್ಗಿಸಿದ ಒಕ್ಕಲಿನವರು ಮುಡಿ ಹೊತ್ತು ತಂದು ಧಣಿಯ ಅಂಗಳದಲ್ಲಿ ಇಳಿಸುತ್ತಿದ್ದರು. ಅವರಲ್ಲಿ ನಮ್ಮ ಬ್ಯಾರಿಗಳೂ ಇದ್ದರು. ಅಳೆದು ಕೊಟ್ಟ ಮೇಲೆ ಆಟಿ ತಿಂಗಳಲ್ಲಿ ಅವರ ಮನೆಯಲ್ಲಿ ಗಂಜಿಗೂ ಲೆಕ್ಕ. ಗೇಣಿ ಜಮೀನು 1974ರ ಮಾರ್ಚ್ 1ರಿಂದ ಸರಕಾರಕ್ಕೆ ಸೇರಿತು; ಒಕ್ಕಲುಗಳು 'ಡಿಕ್ಲರೇಶನ್' ಕೊಟ್ಟು ಭೂಮಿ ಪಡೆದರು. ಗೇಣಿ ನಿಂತ ಮೇಲೆ ಎಷ್ಟೋ ದೊಡ್ಡ ಮನೆಗಳನ್ನು ನೋಡಿಕೊಳ್ಳುವುದೇ ಕಷ್ಟವಾಯಿತು. ಕೆತ್ತನೆಯ ಕಂಬಗಳನ್ನು ಯಾರಾದರೂ ಬಿಚ್ಚಿ ತಂದು ಉಳಿಸುತ್ತಾರೆ. ಮುಳಿಹುಲ್ಲಿನ ಗುಡಿಸಲನ್ನು ಯಾರು ಬಿಚ್ಚಿ ತರುತ್ತಾರೆ? ಅದು ಮೂರು ಮಳೆಗೆ ಮಣ್ಣಾಗುತ್ತದೆ. ಮುಡಿ ಹೊತ್ತವರ ಮನೆ ಯಾವ ಮ್ಯೂಸಿಯಂನಲ್ಲೂ ನನಗೆ ಸರಿಯಾಗಿ ಕಾಣಸಿಕ್ಕಿಲ್ಲ.

ನಮ್ಮ ಸುರತ್ಕಲ್ ಸುತ್ತಲಿನ ಗದ್ದೆಗಳ ಕಥೆ ಬೇರೆ. ಪಣಂಬೂರಿನಲ್ಲಿ ಬಂದರು, ಗೊಬ್ಬರದ ಕಾರ್ಖಾನೆ, ಕುತ್ತೆತ್ತೂರಿನಲ್ಲಿ ತೈಲ ಶುದ್ಧೀಕರಣಾಗಾರ. ಉದ್ಯೋಗ ಬಂತು, ಸುಳ್ಳಲ್ಲ. ಗದ್ದೆ ಹೋಯಿತು, ಗದ್ದೆಯ ಜೊತೆ ಅದರ ಶಬ್ದಗಳೂ ಹೋದವು.

ಕಟ್ಟಡ, ಕಂಬ, ಕಳಸೆಗಳನ್ನು ಒರೆಸಿ ಇಟ್ಟರೆ ಸಾಕು. ಬೀಜ ಹಾಗಲ್ಲ, ಮತ್ತೆ ಮತ್ತೆ ಬಿತ್ತದಿದ್ದರೆ ಅದು ಸಾಯುತ್ತದೆ. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಹೀಗೆ ಬಿತ್ತಿ ಬಿತ್ತಿಯೇ ಉಳಿಸಿದ್ದಾರೆ. ಅದಕ್ಕಾಗಿ 2024ರಲ್ಲಿ ಪದ್ಮಶ್ರೀ ಬಂತು. ಅವರದು ದೊಡ್ಡ ಜಮೀನೇನೂ ಅಲ್ಲ.

ಮಣಿಪಾಲಕ್ಕೆ ಹೋಗುವವರು ಮೊದಲೇ ಸಮಯ ವಿಚಾರಿಸಿಕೊಳ್ಳಿ. ಗದ್ದೆಗೆ ಇಳಿದ ಅಜ್ಜಿಯೋ ಮಾವಿಯೋ ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಡೆದಾಟ ಸ್ವಲ್ಪ ಹೆಚ್ಚು. ನಿಧಾನವಾಗಿ, ಅಲ್ಲಲ್ಲಿ ಕುಳಿತು ನೋಡಿದರಾಯಿತು.