ನಿಮ್ಮ ರೇಜರ್ ನಿಮಗೇ ಇರಲಿ

ಗುಬ್ಬಿ, ಕುಣಿಗಲ್‌ನಿಂದ ಬೆಳಗಿನ ಬಸ್ಸಿಗೆ ಬರುವ ಗೆಳೆಯರ ಕೆನ್ನೆಯಲ್ಲಿ ಆಗಾಗ ಗಾಯ ಕಾಣುತ್ತದೆ. ಅವಸರದಲ್ಲಿ ಒಣ ಮುಖದ ಮೇಲೆ ರೇಜರ್ ಎಳೆದರೆ ಹಾಗೇ. ಕೆಲವರದ್ದು ಅಣ್ಣನ ರೇಜರ್! ಸಲೂನಿನಲ್ಲಿ ಹೊಸ ಬ್ಲೇಡ್ ಹಾಕಿ ಎನ್ನುವ ನಾವು ಮನೆಯಲ್ಲೇಕೆ ಮರೆಯುತ್ತೇವೆ? ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ಅಣ್ಣನದೆಂದು ಬಿಡುವುದಿಲ್ಲ.

ಎರಡು ಅಲಗಿನ ಬ್ಲೇಡ್ ಹಾಕುವ ಸೇಫ್ಟಿ ರೇಜರ್ ಕೊಳ್ಳಿ. 1904ರಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದ ಬಗೆಯದು. ಹಿಡಿ ವರ್ಷಗಟ್ಟಲೆ ಬಾಳುತ್ತದೆ. ಬ್ಲೇಡ್ ಮಾತ್ರ ಬದಲಿಸಿದರೆ ಸಾಕು, ಕಾರ್ಟ್ರಿಜ್‌ಗಿಂತ ಬಹಳ ಅಗ್ಗ.

ಮೊದಲು ಬಿಸಿನೀರು, ಆಮೇಲೆ ಬ್ರಷ್ಷಿನಲ್ಲಿ ನೊರೆ. ರೇಜರನ್ನು ಸುಮಾರು 30 ಡಿಗ್ರಿ ಓರೆ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಒತ್ತದೆ ಎಳೆಯಿರಿ. ಕೊನೆಗೆ ತಣ್ಣೀರು, ಪಟಿಕ. ಗಡ್ಡ ಬಿಟ್ಟವರಿಗೂ ಕತ್ತು, ಕೆನ್ನೆ ಇದ್ದೇ ಇದೆ.

ಹತ್ತು ನಿಮಿಷ ಮೊದಲೇ ಏಳಿ. ನೋಟ್ಸ್ ಹಂಚಿಕೊಳ್ಳಿ, ಟಿಫಿನ್ ಹಂಚಿಕೊಳ್ಳಿ, ರೇಜರ್ ಮಾತ್ರ ಬೇಡ.